ದನಿ ತಗ್ಗಿಸುವ ಪುಡಿ

ಕಾಕು, ಅಂದರೆ ಚಿಕ್ಕಮ್ಮ, ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ನನಗೆ ಹಸಿವಾಗುತ್ತಿತ್ತು. ಪುಣೆಯ ಸ್ವಾರ್‌ಗೇಟ್ ಹತ್ತಿರ ಒಂದು ಹಳೆಯ ಚಾಳಿನಲ್ಲಿ ಅವರ ಮನೆ. ಕಾಕಾ ತೀರಿಕೊಂಡ ಮೇಲೆ ಅಲ್ಲೇ ಸಣ್ಣ ಖಾನಾವಳಿ ಶುರು ಮಾಡಿದ್ದರು. ಧಾರವಾಡ, ಗದಗ, ವಿಜಯಪುರ ಕಡೆಯಿಂದ ಓದಲು, ದುಡಿಯಲು ಬಂದ ಹತ್ತು ಹನ್ನೆರಡು ಹುಡುಗರು ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದರು. ನಾನು 2009ರಲ್ಲಿ ಪಾಷಾಣ ಎಂಬ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ (ಎನ್‌ಸಿಎಲ್) ಪಿಎಚ್‌ಡಿ ಮಾಡಲು ಬಂದಾಗ ಭಾನುವಾರದ ಊಟ ಅಲ್ಲೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ.

2014ರ ಚಳಿಗಾಲದಲ್ಲಿ ಆ ಸಪ್ಪಳ ನಿಂತಿತು. ಒಂದು ಭಾನುವಾರ ಹೋದರೆ ಚಪಾತಿ ಇತ್ತು, ಅದೂ ಪಕ್ಕದ ಮನೆಯವರು ಲಟ್ಟಿಸಿಕೊಟ್ಟದ್ದು. ಕಾಕು ಎರಡೂ ಕೈ ತೋರಿಸಿದರು. ಬೆರಳಿನ ಬುಡದ ಗೆಣ್ಣುಗಳು ಊದಿದ್ದವು. "ಮುಂಜಾನೆ ಎದ್ದು ಒಂದೂವರೆ ತಾಸು ಮುಷ್ಟಿ ಹಿಡಿಯಾಕ ಬರಂಗಿಲ್ಲ ತಮ್ಮಾ. ಡಾಕ್ಟರ್ ಹೇಳಿದ್ರು, ನನ್ನ ಮೈ ಕಾಯೋ ಸೈನ್ಯನ ನನ್ನ ಸಂದು ತಿನ್ನಾಕತ್ತದಂತ."

ರುಮಟಾಯ್ಡ್ ಆರ್ಥ್ರೈಟಿಸ್, ಒಂದು ಬಗೆಯ ಸಂಧಿವಾತ. ಅವತ್ತಿನವರೆಗೆ ಅದು ನನಗೆ ಪುಸ್ತಕದ ಹೆಸರು ಮಾತ್ರ. ವಯಸ್ಸಾದಂತೆ ಕೀಲು ಸವೆದು ಬರುವ ನೋವಲ್ಲ ಇದು. ಡಾಕ್ಟರ್ ಹೇಳಿದ್ದು ಸರಿ. ಸೋಂಕಿನ ಮೇಲೆ ಹೋಗಬೇಕಾದ ಜೀವಕೋಶಗಳು ಕೀಲಿನ ಒಳಪದರದಲ್ಲಿ ಬಂದು ಕೂತು, ಇಲ್ಲದ ವೈರಿಯ ಮೇಲೆ ಯುದ್ಧ ಮಾಡುತ್ತವೆ. ಕಾಕುಗೆ ಮೆಥೊಟ್ರೆಕ್ಸೇಟ್ ಶುರುವಾಯಿತು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ದಿನಾ ತಿಂದರೆ ಜೀವಕ್ಕೇ ಅಪಾಯ. ಹಾಗಾಗಿ ಅವರ ಮಗ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಪ್ರತಿ ಬುಧವಾರಕ್ಕೂ ಕೆಂಪು ಪೆನ್ನಿನಲ್ಲಿ ಗೋಲ ಹಾಕಿಟ್ಟ.

ಮರುವರ್ಷ ನಾನು ಹಿಂಜವಡಿ ಕಡೆಯ ಒಂದು ಔಷಧ ಸಂಶೋಧನಾ ಕಂಪನಿ ಸೇರಿದೆ. 2016ರಲ್ಲಿ ನಮ್ಮ ಗುಂಪಿಗೆ ಹೊಸ ಪ್ರಾಜೆಕ್ಟ್ ಬಂತು. ಯಾವ ರೋಗಕ್ಕೆ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ಕಾಕು ಬೆರಳುಗಳು. ಪ್ರಾಜೆಕ್ಟ್ ಇದ್ದದ್ದು ಜ್ಯಾಕ್ ಎಂಬ ಕಿಣ್ವಗಳ ಮೇಲೆ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮೈಯ ಜೀವಕೋಶಗಳು ಒಂದಕ್ಕೊಂದು ಮಾತಾಡುತ್ತವೆ. ಮಾತು ಅಂದರೆ ಸೈಟೊಕೈನ್ ಎಂಬ ಸಣ್ಣ ಪ್ರೋಟೀನ್‌ಗಳು. ಒಂದು ಕೋಶ ಅದನ್ನು ಹೊರಗೆ ಬಿಡುತ್ತದೆ, ಇನ್ನೊಂದು ಕೋಶದ ಹೊರಪೊರೆಯಲ್ಲಿರುವ ರಿಸೆಪ್ಟರ್‌ಗೆ ಅದು ಬಂದು ಅಂಟುತ್ತದೆ. ಆದರೆ ಸೈಟೊಕೈನ್ ಒಳಗೆ ಹೋಗುವುದಿಲ್ಲ. ಬಾಗಿಲು ತಟ್ಟಿ ಹೊರಗೇ ನಿಲ್ಲುತ್ತದೆ. ಒಳಗೆ ಸುದ್ದಿ ಮುಟ್ಟಿಸುವವರು ಬೇಕಲ್ವಾ? ಆ ಕೆಲಸ ಜ್ಯಾಕ್‌ಗಳದ್ದು. ರಿಸೆಪ್ಟರಿನ ಒಳತುದಿಗೆ ಅವು ಜೋಡಿಯಾಗಿ ಅಂಟಿಕೊಂಡಿರುತ್ತವೆ. ಬಾಗಿಲು ತಟ್ಟಿದ ಕೂಡಲೇ ಎಚ್ಚರಗೊಂಡು, ಸ್ಟ್ಯಾಟ್ ಎಂಬ ಪ್ರೋಟೀನಿನ ಮೇಲೆ ಒಂದು ಫಾಸ್ಫೇಟ್ ಮುದ್ರೆ ಒತ್ತುತ್ತವೆ. ಮುದ್ರೆ ಬಿದ್ದ ಸ್ಟ್ಯಾಟ್ ಸೀದಾ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ಇಷ್ಟೇ ದಾರಿ. ಹೊರಗಿನ ಮಾತಿನಿಂದ ಒಳಗಿನ ಜೀನ್‌ವರೆಗೆ ನಡುವೆ ಇರುವುದು ಇಬ್ಬರೇ.

ಮನುಷ್ಯರಲ್ಲಿ ಜ್ಯಾಕ್‌ಗಳು ನಾಲ್ಕು: ಜ್ಯಾಕ್-1, ಜ್ಯಾಕ್-2, ಜ್ಯಾಕ್-3, ಟಿಕ್-2. ಎರಡು ಮುಖದ ರೋಮನ್ ದೇವರು ಜೇನಸ್‌ನ ಹೆಸರು ಇವಕ್ಕೆ. ಏಕೆಂದರೆ ಇವುಗಳ ಮೈಯಲ್ಲಿ ಒಂದನ್ನೊಂದು ಹೋಲುವ ಎರಡು ಭಾಗಗಳಿವೆ. ಒಂದು ಮುದ್ರೆ ಒತ್ತುವ ಕೆಲಸ ಮಾಡುತ್ತದೆ, ಇನ್ನೊಂದು ಅದನ್ನು ಹಿಡಿತದಲ್ಲಿಡುತ್ತದೆ. ಈ ಎರಡನೆಯ ಮುಖದ ಮಾತು ಕೊನೆಗೆ ಮತ್ತೆ ಬರುತ್ತದೆ.

ಜ್ಯಾಕ್ ಮೇಲೆ ಔಷಧ ಮಾಡಬಹುದು ಅಂತ ಹೊಳೆದದ್ದು ಮಕ್ಕಳ ಒಂದು ರೋಗದಿಂದ. ಕೆಲವು ಮಕ್ಕಳು ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟುತ್ತಾರೆ. ಅವರಲ್ಲಿ ಕೆಲವರಿಗೆ ಜ್ಯಾಕ್-3 ಕೆಟ್ಟಿರುತ್ತದೆ ಅಂತ 1995ರಲ್ಲಿ ಗೊತ್ತಾಯಿತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಜಾನ್ ಓಶೇ ಅವರ ಗುಂಪು ಈ ಕಿಣ್ವದ ಮೇಲೆ ಕೆಲಸ ಮಾಡುತ್ತಿತ್ತು. ಅವರು ಯೋಚಿಸಿದ್ದು ಸರಳ. ಇದು ಇಲ್ಲದಿದ್ದರೆ ರೋಗನಿರೋಧಕ ವ್ಯವಸ್ಥೆಯೇ ಮೌನವಾಗುತ್ತದೆ ಅಂದಮೇಲೆ, ಇದನ್ನು ಅರ್ಧ ತಡೆದರೆ ಅತಿಯಾಗಿ ಕೂಗಾಡುವ ವ್ಯವಸ್ಥೆ ಸಮಾಧಾನವಾಗಬೇಕು. ಫೈಜರ್ ಕಂಪನಿ ಜೊತೆಯಾಯಿತು. ಅದರಿಂದ ಬಂದದ್ದು ಟೋಫಾಸಿಟಿನಿಬ್. 2012ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಸಿಕ್ಕಿತು.

ಅದಕ್ಕೂ ಮುಂಚೆ ಸಂಧಿವಾತಕ್ಕೆ ಒಳ್ಳೆಯ ಇಂಜೆಕ್ಷನ್‌ಗಳು ಇದ್ದವು. ಅವು ಆಂಟಿಬಾಡಿಗಳು, ದೈತ್ಯ ಪ್ರೋಟೀನ್‌ಗಳು. ತೂಕ ಸುಮಾರು 1,50,000 ಡಾಲ್ಟನ್. ಅವು ಬಾಗಿಲ ಹೊರಗೇ ಸೈಟೊಕೈನನ್ನು ಹಿಡಿಯುತ್ತವೆ. ಹೊಟ್ಟೆಗೆ ತಿಂದರೆ ಜೀರ್ಣವಾಗಿ ಹೋಗುತ್ತವೆ, ಫ್ರಿಜ್‌ನಲ್ಲೇ ಇಡಬೇಕು, ಬೆಲೆಯೂ ಜಾಸ್ತಿ. ಟೋಫಾಸಿಟಿನಿಬ್ ತೂಕ 312 ಡಾಲ್ಟನ್ ಮಾತ್ರ. ನುಂಗಿದರೆ ಕರುಳು ದಾಟಿ, ರಕ್ತ ಸೇರಿ, ಕೋಶದ ಪೊರೆಯನ್ನೂ ದಾಟಿ ಒಳಗಿನ ಜ್ಯಾಕ್‌ವರೆಗೆ ತಲುಪುತ್ತದೆ. ನಮ್ಮಂಥ ರಸಾಯನಶಾಸ್ತ್ರದವರಿಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಯಾವುದಿದೆ? ಗಾಜಿನ ಫ್ಲಾಸ್ಕಿನಲ್ಲಿ ಕುದಿಸಿ ಮಾಡಿದ ಪುಡಿಯೊಂದು ಮನುಷ್ಯನ ಕೋಶದೊಳಗಿನ ಮಾತಿನ ದನಿ ತಗ್ಗಿಸುತ್ತದೆ!

ನಮಗೆ ಸಿಕ್ಕ ಕೆಲಸ ಇದು: ಜ್ಯಾಕ್-1 ತಡೆಯಬೇಕು, ಜ್ಯಾಕ್-2 ಮುಟ್ಟಬಾರದು. ಕೀಲಿನ ಉರಿಯೂತದಲ್ಲಿ ದೊಡ್ಡ ದನಿ ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನಿನದು. ಅದರ ಸುದ್ದಿ ಒಳಗೆ ಹೋಗುವುದು ಹೆಚ್ಚಾಗಿ ಜ್ಯಾಕ್-1 ಮೂಲಕ. ಜ್ಯಾಕ್-2 ಬೇರೆಯೇ ಒಂದು ಮುಖ್ಯ ಕೆಲಸ ನೋಡಿಕೊಳ್ಳುತ್ತದೆ. ಮೂಳೆಯೊಳಗೆ ಕೆಂಪು ರಕ್ತಕಣ, ಪ್ಲೇಟ್‌ಲೆಟ್ ಹುಟ್ಟಬೇಕಾದರೆ ಬರುವ ಸಂದೇಶ ಅದರ ಕೈಯಿಂದಲೇ ದಾಟಬೇಕು. ಜ್ಯಾಕ್-2 ಇಲ್ಲದ ಇಲಿಮರಿಗಳು ರಕ್ತವಿಲ್ಲದೆ ಗರ್ಭದಲ್ಲೇ ಸಾಯುತ್ತವೆ. ಅದನ್ನು ತಡೆದರೆ ಕೀಲುನೋವು ಹೋಗಿ ರಕ್ತಹೀನತೆ ಬರುತ್ತದೆ.

ಹೇಳುವುದು ಸುಲಭ. ಕಷ್ಟ ಎಲ್ಲಿದೆ ಅಂದರೆ, ನಮ್ಮ ಪುಡಿ ಕೂರಬೇಕಾದ ಜಾಗದಲ್ಲಿ. ಕಿಣ್ವದಲ್ಲಿ, ಮುದ್ರೆಗೆ ಬೇಕಾದ ಫಾಸ್ಫೇಟ್ ಒದಗಿಸುವ ಎಟಿಪಿ ಎಂಬ ಸಣ್ಣ ಅಣು ಬಂದು ಕೂರುವ ಒಂದು ಗೂಡು ಇದೆ. ಆ ಗೂಡಿಗೇ ನಮ್ಮ ಮಾಲಿಕ್ಯೂಲ್, ಅಂದರೆ ನಮ್ಮ ಪುಡಿಯ ಅಣು, ಹೋಗಿ ಕೂತು ಎಟಿಪಿಗೆ ಜಾಗ ಬಿಡಬಾರದು. ಆದರೆ ಇಂಥ ಗೂಡಿರುವ, ಫಾಸ್ಫೇಟ್ ಮುದ್ರೆ ಒತ್ತುವ ಕಿಣ್ವಗಳು, ಅಂದರೆ ಕೈನೇಸ್‌ಗಳು, ಮನುಷ್ಯನ ಮೈಯಲ್ಲಿ ಐನೂರಕ್ಕೂ ಹೆಚ್ಚು. ಎಲ್ಲದರ ಗೂಡೂ ಹೆಚ್ಚು ಕಡಿಮೆ ಒಂದೇ ತರ. ಜ್ಯಾಕ್-1 ಮತ್ತು ಜ್ಯಾಕ್-2ರ ಗೂಡುಗಳಂತೂ ಅವಳಿ ಮಕ್ಕಳ ಹಾಗೆ. ಗೂಡಿನ ಅಂಚಿನಲ್ಲಿ ಒಂದು ಕಡೆ ಜ್ಯಾಕ್-1ರಲ್ಲಿ ಗ್ಲುಟಮಿಕ್ ಆಮ್ಲ ಇದೆ, ಜ್ಯಾಕ್-2ರಲ್ಲಿ ಅದೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ. ಎರಡಕ್ಕೂ ವ್ಯತ್ಯಾಸ ಒಂದೇ ಒಂದು ಕಾರ್ಬನ್. ಆ ಒಂದು ಕಾರ್ಬನ್ ಉದ್ದದ ಮೇಲೆ ನಮ್ಮ ಎರಡೂವರೆ ವರ್ಷ ನಿಂತಿತ್ತು.

ದಿನದ ಕೆಲಸ ಹೀಗಿರುತ್ತಿತ್ತು. ಬೆಳಿಗ್ಗೆ ವಾಕಡ್ ಸೇತುವೆಯ ಟ್ರಾಫಿಕ್ ದಾಟಿ ಎಂಟೂವರೆಗೆ ಲ್ಯಾಬ್. ಹಿಂದಿನ ರಾತ್ರಿ ಹಾಕಿಟ್ಟ ರಿಯಾಕ್ಷನ್‌ಗಳು ಮುಗಿದಿವೆಯೇ ಅಂತ ಟಿಎಲ್‌ಸಿ ಎಂಬ ಸಣ್ಣ ಪಟ್ಟಿಯ ಪರೀಕ್ಷೆಯಲ್ಲಿ ನೋಡುವುದು. ಸ್ಪಾಟ್ ಮೇಲೆ ಬಂದಿದೆಯೋ, ಕೆಳಗೇ ಇದೆಯೋ. ಮುಗಿದಿದ್ದರೆ ತೊಳೆದು ಬೇರ್ಪಡಿಸುವ ವರ್ಕಪ್, ರೋಟಾ ಯಂತ್ರದಲ್ಲಿ ಸಾಲ್ವೆಂಟ್ ತೆಗೆಯುವುದು, ಶುದ್ಧ ಮಾಡಲು ಕಾಲಮ್ ಓಡಿಸುವುದು. ಸಂಜೆಗೆ ಕೈಗೆ ಸಿಗುವುದು 20, 30 ಮಿಲಿಗ್ರಾಂ ಪುಡಿ. ಅದರಲ್ಲಿ ಸ್ವಲ್ಪ ಅಣುವಿನ ರಚನೆ ನೋಡುವ ಎನ್‌ಎಂಆರ್‌ಗೆ, ಸ್ವಲ್ಪ ತೂಕ, ಶುದ್ಧತೆ ನೋಡುವ ಎಲ್‌ಸಿಎಂಎಸ್‌ಗೆ, ಉಳಿದದ್ದು ಬಯಾಲಜಿ ವಿಭಾಗಕ್ಕೆ. ವಾರಕ್ಕೆ ನನ್ನ ಪಾಲಿನದು ಮೂರೋ ನಾಲ್ಕೋ ಹೊಸ ಮಾಲಿಕ್ಯೂಲ್. ನಮ್ಮ ಗುಂಪಿನ ಹಿರಿಯರು ಸಾತಾರದವರು. ಏನೇ ಕೆಟ್ಟರೂ ಅವರು ಹೇಳುತ್ತಿದ್ದದ್ದು ಎರಡೇ ಪದ: "ಪುನ್ಹಾ ಕರ." ಇನ್ನೊಮ್ಮೆ ಮಾಡು. ಬೈದದ್ದು ನಾನು ಕೇಳಿಲ್ಲ.

ಎಟಿಪಿಯ ಅಡೆನಿನ್ ಭಾಗವನ್ನು ಹೋಲುವ ಪಿರೋಲೊಪಿರಿಮಿಡಿನ್ ಉಂಗುರ ನಮ್ಮ ಮಾಲಿಕ್ಯೂಲಿನ ಬೆನ್ನೆಲುಬು. ಅದು ಗೂಡಿನ ಒಳಗೋಡೆಗೆ ಎರಡು ಹೈಡ್ರೋಜನ್ ಬಂಧಗಳಿಂದ ಅಂಟುತ್ತದೆ. ಅದನ್ನು ಬದಲಿಸುವ ಹಾಗಿಲ್ಲ. ನಾವು ಬದಲಿಸಿದ್ದು ಅದರಿಂದ ಹೊರಚಾಚಿದ ಬಾಲವನ್ನು. ಇಲ್ಲಿ ಒಂದು ಮಿಥೈಲ್, ಅಲ್ಲಿ ಒಂದು ಫ್ಲೋರಿನ್, ಐದರ ಉಂಗುರ ತೆಗೆದು ಆರರ ಉಂಗುರ. ಒಂದು ಸಲ ಮೂರು ವಾರ ಮಾಡಿದ ಮಾಲಿಕ್ಯೂಲ್‌ಗಳೆಲ್ಲ ತಪ್ಪಾದವು. ಹೊರಗಿನಿಂದ ಕೊಂಡ ಕಚ್ಚಾವಸ್ತು ಬೊರಾನಿಕ್ ಆಸಿಡ್ ಬಾಟಲಿಯ ಮೇಲಿನ ಹೆಸರೇ ಬೇರೆ, ಒಳಗಿದ್ದ ಐಸೋಮರೇ (ಅವೇ ಪರಮಾಣುಗಳ ಬೇರೆ ಜೋಡಣೆ) ಬೇರೆ. ಅವತ್ತಿನಿಂದ ಕೊಂಡು ತಂದ ಪ್ರತಿ ಬಾಟಲಿಯ ಎನ್‌ಎಂಆರ್ ಮೊದಲು ತೆಗೆಸುತ್ತೇನೆ. ಈ ಕೆಲಸಕ್ಕೆ ಬರುವ ಹುಡುಗರಿಗೂ ಮೊದಲ ದಿನ ಇದನ್ನೇ ಹೇಳುತ್ತೇನೆ.

ಮೊದಲ ವರ್ಷದ ಕೊನೆಗೆ ಒಂದು ಮಾಲಿಕ್ಯೂಲ್ ಬಂತು. ಪ್ಲೇಟಿನ ಮೇಲೆ, ಅಂದರೆ ಶುದ್ಧ ಕಿಣ್ವದ ಜೊತೆ, ಎರಡು ನ್ಯಾನೊಮೋಲಾರ್‌ಗೇ, ಅಂದರೆ ಅತಿ ಸಣ್ಣ ಪ್ರಮಾಣಕ್ಕೇ, ಜ್ಯಾಕ್-1 ಅರ್ಧ ನಿಂತಿತು. ಅವತ್ತು ನಾವೆಲ್ಲ ಎಫ್‌ಸಿ ರೋಡಿಗೆ ಹೋಗಿ ದೋಸೆ ತಿಂದೆವು. ಉಡುಪಿ ಕಡೆಯ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿ ಹೋಟೆಲಿನಲ್ಲಿ ಜಾಗ ಸಿಗಲು ಮುಕ್ಕಾಲು ಗಂಟೆ ನಿಂತಿದ್ದು ನೆನಪಿದೆ. ವಾರ ಕಳೆದು ಅದೇ ಮಾಲಿಕ್ಯೂಲ್ ಜೀವಂತ ಕೋಶಕ್ಕೆ ಹಾಕಿದರೆ, ಅದೇ ಪರಿಣಾಮಕ್ಕೆ ನೂರಾರು ಪಟ್ಟು ಜಾಸ್ತಿ ಬೇಕಾಯಿತು.

ಯಾಕೆ? ಈ ಪಾಠ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ, ಬಿಡಿಸಿ ಹೇಳುತ್ತೇನೆ. ಪ್ಲೇಟಿನಲ್ಲಿ ನಾವು ಹಾಕುವ ಎಟಿಪಿ ತುಂಬಾ ಕಡಿಮೆ. ಜೀವಕೋಶದಲ್ಲಿ ಅದು ಮಿಲಿಮೋಲಾರ್ ಲೆಕ್ಕದಲ್ಲಿ ತುಂಬಿಕೊಂಡಿರುತ್ತದೆ. ಖಾಲಿ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿಯುವುದಕ್ಕೂ, ಗಣಪತಿ ಹಬ್ಬದ ಹಿಂದಿನ ರಾತ್ರಿ ಸ್ವಾರ್‌ಗೇಟಿನಲ್ಲಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ! ನಮ್ಮ ಒಂದು ಮಾಲಿಕ್ಯೂಲಿನ ಎದುರು ಎಟಿಪಿಗಳು ಸಾವಿರಗಟ್ಟಲೆ ಅದೇ ಗೂಡಿಗೆ ನುಗ್ಗುತ್ತಿರುತ್ತವೆ. ಪ್ಲೇಟಿನ ಅಂಕಿ ನೋಡಿ ಕುಣಿಯಬಾರದು ಅಂತ ಅವತ್ತು ಗೊತ್ತಾಯಿತು. ಮಾಲಿಕ್ಯೂಲಿನ ಯೋಗ್ಯತೆ ತಿಳಿಯುವುದು ರಕ್ತದಲ್ಲಿ.

ರಕ್ತ ಅಂದರೆ ನಿಜವಾದ ರಕ್ತ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಕೊಟ್ಟ ಸ್ವಯಂಸೇವಕರ ರಕ್ತ. ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ಹತ್ತು ಮಿಲಿಲೀಟರ್ ತೆಗೆದು, ಅದಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಮಾಲಿಕ್ಯೂಲ್ ಹಾಕುತ್ತಾರೆ. ಆಮೇಲೆ ಒಂದು ಪಾಲಿಗೆ ಇಂಟರ್‌ಲ್ಯೂಕಿನ್-6 ಕೊಟ್ಟು ಬಾಗಿಲು ತಟ್ಟುತ್ತಾರೆ. ಟಿ ಕೋಶಗಳೊಳಗೆ ಸ್ಟ್ಯಾಟ್-3 ಮೇಲೆ ಮುದ್ರೆ ಎಷ್ಟು ಬಿತ್ತು ಅಂತ ಫ್ಲೋ ಸೈಟೋಮೀಟರ್ ಎಂಬ ಯಂತ್ರ ಎಣಿಸುತ್ತದೆ. ಅದು ಜ್ಯಾಕ್-1ರ ಲೆಕ್ಕ. ಇನ್ನೊಂದು ಪಾಲಿಗೆ ಜಿಎಂ-ಸಿಎಸ್‌ಎಫ್ ಎಂಬ ಇನ್ನೊಂದು ಸೈಟೊಕೈನ್. ಅದರ ಸುದ್ದಿ ಹೋಗುವುದು ಜ್ಯಾಕ್-2ರಿಂದ. ಮೊದಲನೆಯದು ತಗ್ಗಬೇಕು, ಎರಡನೆಯದು ಹಾಗೇ ಇರಬೇಕು. ಎರಡರ ನಡುವಿನ ಅಂತರವೇ ನಮ್ಮ ಇಡೀ ಕೆಲಸ.

ಬಯಾಲಜಿಯಲ್ಲಿ ನಮ್ಮ ಜೊತೆ ಕುಂದಾಪುರದ ಒಬ್ಬ ಹೆಣ್ಣುಮಗಳು ಇದ್ದರು. ಲ್ಯಾಬಿನಲ್ಲಿ ನಾವಿಬ್ಬರೇ ಕನ್ನಡದವರು. ಅವರ ಕುಂದಗನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಧಾರವಾಡದ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಮಧ್ಯಾಹ್ನದ ಡಬ್ಬಿ ಒಟ್ಟಿಗೇ. ಒಂದು ಸೋಮವಾರ ರಕ್ತ ಕೊಡುವವರು ಕಡಿಮೆಯಾದರು. "ನೀವು ಕೊಡ್ತೀರಾ?" ಅಂದರು. ನಾನು ಸಹಿ ಹಾಕಿ ಕೊಟ್ಟೆ. ಸಂಜೆ ಆರಕ್ಕೆ ಕರೆದು ಪರದೆ ತೋರಿಸಿದರು. ಇಂಟರ್‌ಲ್ಯೂಕಿನ್ ಕೊಟ್ಟ ರಕ್ತದಲ್ಲಿ ಚುಕ್ಕಿಗಳ ಗುಂಪು ಬಲಕ್ಕೆ ಸರಿದಿತ್ತು, ಕೋಶಗಳು ಕೂಗುತ್ತಿದ್ದವು. ನಮ್ಮ ಮಾಲಿಕ್ಯೂಲ್ ಹಾಕಿದ ರಕ್ತದಲ್ಲಿ ಅದೇ ಗುಂಪು ಪ್ರಮಾಣ ಏರಿದ ಹಾಗೆ ಮೆಲ್ಲಮೆಲ್ಲಗೆ ಎಡಕ್ಕೆ ಮರಳಿತ್ತು. ಜ್ಯಾಕ್-2ರ ಚುಕ್ಕಿಗಳು ಬಹುಮಟ್ಟಿಗೆ ಅಲ್ಲೇ ನಿಂತಿದ್ದವು. ರಕ್ತ ನನ್ನದು, ಪುಡಿಯೂ ನನ್ನ ಕೈಯಲ್ಲೇ ಹರಳಾದದ್ದು. ತುಂಬಾ ಹೊತ್ತು ಆ ಪರದೆಯ ಮುಂದೆ ಸುಮ್ನೆ ಕೂತಿದ್ದೆ.

ಆ ಪುಡಿಗೆ ಮುಂದೆ ಬಂದ ತೊಂದರೆಗಳಲ್ಲಿ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಯಕೃತ್ತಿನ ಕಿಣ್ವಗಳು ಅದನ್ನು ಅರ್ಧ ಗಂಟೆಯಲ್ಲಿ ಕತ್ತರಿಸಿ ಹಾಕುತ್ತಿದ್ದವು. ಎಲ್ಲಿ ಕತ್ತರಿಸುತ್ತವೆ ಅಂತ ಹುಡುಕಿ, ಅಲ್ಲಿ ಫ್ಲೋರಿನ್ ಕೂರಿಸಿದೆವು. ಆಗ ನೀರಿನಲ್ಲಿ ಕರಗುವುದು ಕಡಿಮೆಯಾಯಿತು. ಕರಗಲಿ ಅಂತ ಅಮೀನ್ ಗುಂಪು ಸೇರಿಸಿದರೆ ಹೃದಯದ ಎಚ್‌ಇಆರ್‌ಜಿ ಎಂಬ ಪೊಟ್ಯಾಸಿಯಂ ದಾರಿಗೆ ಅಡ್ಡ ಬಂತು. ಅದಕ್ಕೆ ಅಡ್ಡ ಬರುವ ಔಷಧ ಹೃದಯದ ಬಡಿತ ತಪ್ಪಿಸಬಹುದು. ಅಮೀನಿನ ಕ್ಷಾರಗುಣ ಇಳಿಸಿ ಅದನ್ನು ಸರಿ ಮಾಡಿದೆವು. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಇದರಲ್ಲೇ ಹದಿನಾಲ್ಕು ತಿಂಗಳು.

ಮಳೆಗಾಲದ ಕಥೆ ಮಾತ್ರ ನಿಂತು ಹೇಳಬೇಕು. 2018ರ ಜುಲೈ. ಪುಣೆಯಲ್ಲಿ ಒಂದು ವಾರದಿಂದ ಬಿಡದೆ ಮಳೆ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನಮ್ಮ ಮಾಲಿಕ್ಯೂಲಿನ ಹೈಡ್ರೋಕ್ಲೋರೈಡ್ ಉಪ್ಪು 40 ಗ್ರಾಂ ಮಾಡಿ ಒಣಗಿಸಿದ್ದೆವು. ಹಿಟ್ಟಿನಂಥ ಬಿಳಿ ಪುಡಿ. ತೂಕ ಮಾಡಲು ಮುಚ್ಚಳ ತೆಗೆದು ಅರ್ಧ ಗಂಟೆ ಬಿಟ್ಟರೆ ಅಂಟುಬೆಲ್ಲದ ಹಾಗಾಯಿತು. ಗಾಳಿಯ ತೇವವನ್ನೆಲ್ಲ ಕುಡಿದಿತ್ತು. ಇಂಥದ್ದನ್ನು ಮಾತ್ರೆ ಮಾಡಲು ಸಾಧ್ಯವೇ? ಪುಡಿಯ ಸ್ವಭಾವ ಅದನ್ನು ಯಾವ ಆಮ್ಲದ ಜೊತೆ ಸೇರಿಸಿ ಉಪ್ಪು ಮಾಡಿದ್ದೇವೆ ಅನ್ನುವುದರ ಮೇಲೆ ನಿಂತಿರುತ್ತದೆ. ಟೋಫಾಸಿಟಿನಿಬ್ ಸಿಟ್ರೇಟ್ ಉಪ್ಪಾಗಿ ಬರುತ್ತದೆ, ಇನ್ನೊಂದು ಜ್ಯಾಕ್ ಔಷಧ ರಕ್ಸೊಲಿಟಿನಿಬ್ ಫಾಸ್ಫೇಟ್ ಉಪ್ಪಾಗಿ. ನಾವೂ ಹನ್ನೊಂದು ಆಮ್ಲಗಳ ಜೊತೆ ಪ್ರಯತ್ನಿಸಿದೆವು. ಕೊನೆಗೆ ಒಗ್ಗಿದ್ದು ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ. ಆ ಉಪ್ಪು ಮಳೆಗಾಲದ ಲ್ಯಾಬಿನಲ್ಲಿ ಬಾಯಿ ತೆರೆದು ಎರಡು ದಿನ ಇಟ್ಟರೂ ಪುಡಿಯಾಗಿಯೇ ಉಳಿಯಿತು. ಕಾಕುಗೆ ಇದನ್ನು ಹೇಳಿದಾಗ, "ಹುಣಸಿಹಣ್ಣು ಇಲ್ಲದ ಯಾವ ಅಡಿಗಿ ಕೂಡತದ?" ಅಂದರು.

ಪ್ರಾಣಿಗಳ ಮೇಲಿನ ಪ್ರಯೋಗದ ಬಗ್ಗೆ ಬರೆಯುವುದು ನನಗೆ ಸುಲಭವಲ್ಲ. ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಎಷ್ಟು ಇಲಿ, ಯಾಕೆ ಅಷ್ಟು, ಕಡಿಮೆ ಸಾಕಾಗುವುದಿಲ್ಲವೇ, ನೋವಾದರೆ ಏನು ಮಾಡುತ್ತೀರಿ, ಇದೆಲ್ಲ ಬರೆದು ಕೊಡಬೇಕು. ಕೊಲಾಜೆನ್ ಚುಚ್ಚಿ ಇಲಿಗಳಲ್ಲಿ ಸಂಧಿವಾತ ತರಿಸುತ್ತಾರೆ. ಪಾದಗಳು ಊದುತ್ತವೆ. ಪ್ರತಿ ಪಾದಕ್ಕೆ 0ಯಿಂದ 4ರವರೆಗೆ ಅಂಕ, ನಾಲ್ಕು ಪಾದ ಸೇರಿ 16. ನಾನು ಕೆಮಿಸ್ಟ್, ಅಲ್ಲಿಗೆ ಹೋಗುವ ಅಗತ್ಯ ಇರಲಿಲ್ಲ. ಆದರೂ ಒಂದು ಸಲ ಅನುಮತಿ ಪಡೆದು ಹೋಗಿ ನೋಡಿದೆ. ಔಷಧ ಕೊಡದ ಇಲಿಯೊಂದು ಮುಂಗಾಲು ಊರಲಾರದೆ ಮೂಲೆಯಲ್ಲಿ ಕೂತಿತ್ತು. ಔಷಧ ಕೊಟ್ಟ ಗುಂಪಿನವು ಪಂಜರದ ಸರಳು ಹಿಡಿದು ಹತ್ತುತ್ತಿದ್ದವು. ಖುಷಿ, ಸಂಕಟ ಎರಡೂ ಆಯಿತು. ಅವತ್ತಿನಿಂದ ನಾನು ಅಲ್ಲಿಗೆ ಕಳಿಸುವ ಪುಡಿಯ ಶುದ್ಧತೆಯಲ್ಲಿ ಸ್ವಲ್ಪವೂ ರಾಜಿ ಮಾಡಿಕೊಂಡಿಲ್ಲ. ಒಂದು ಇಲಿಯೂ ಸುಮ್ನೆ ಸಾಯಬಾರದು.

ಆಮೇಲೆ ಕೋವಿಡ್ ಬಂತು. ಲ್ಯಾಬಿನಲ್ಲಿ ಅರ್ಧ ಜನ, ಪೊಲೀಸ್ ಪಾಸ್, ಖಾಲಿ ರಸ್ತೆ. ನಾವು ವರ್ಷಗಳಿಂದ ನೋಡುತ್ತಿದ್ದ ಸೈಟೊಕೈನ್‌ಗಳ ಹೆಸರು ಟಿವಿಯಲ್ಲಿ ಬರತೊಡಗಿತು. ವೈರಸ್ ಹೋದ ಮೇಲೂ ಕೂಗಾಟ ನಿಲ್ಲಿಸದ ರೋಗನಿರೋಧಕ ವ್ಯವಸ್ಥೆಯೇ ಹಲವರ ಶ್ವಾಸಕೋಶ ಕೆಡಿಸುತ್ತಿತ್ತು. 2020ರ ನವೆಂಬರಿನಲ್ಲಿ ಬ್ಯಾರಿಸಿಟಿನಿಬ್ ಎಂಬ ಜ್ಯಾಕ್ ಔಷಧಕ್ಕೆ, ರೆಮ್‌ಡೆಸಿವಿರ್ ಜೊತೆ ಕೊಡಲು, ಅಮೆರಿಕದಲ್ಲಿ ತುರ್ತು ಒಪ್ಪಿಗೆ ಸಿಕ್ಕಿತು. ಎರಡನೇ ಅಲೆಯಲ್ಲಿ ಊರಿನಿಂದ, ಪುಣೆಯ ಕನ್ನಡದವರಿಂದ ರಾತ್ರಿಯೆಲ್ಲ ಫೋನ್. "ಆ ಮಾತ್ರೆ ಎಲ್ಲಿ ಸಿಗತದ್ರಿ?" ಗೊತ್ತಿದ್ದ ಕಡೆ ವಿಚಾರಿಸಿ ಹೇಳುತ್ತಿದ್ದೆ. ಜೊತೆಗೆ, ಆಸ್ಪತ್ರೆಯ ಡಾಕ್ಟರ್ ಬರೆದು ಕೊಡದೆ ಮನೆಯಲ್ಲಿ ಕೊಡಬೇಡಿ ಅಂತ ಪ್ರತಿ ಸಲವೂ ಕೈಮುಗಿದು ಹೇಳಿದೆ. ಅದೇ ತಿಂಗಳುಗಳಲ್ಲಿ ಸ್ಟೆರಾಯ್ಡ್ ಜಾಸ್ತಿಯಾದವರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಪ್ಪು ಶಿಲೀಂಧ್ರ ಬರುತ್ತಿದ್ದದ್ದನ್ನು ಎಲ್ಲರೂ ಕಂಡಿದ್ದೇವೆ. ದನಿ ತಗ್ಗಿಸುವುದಕ್ಕೂ ಬಾಯಿ ಮುಚ್ಚಿಸುವುದಕ್ಕೂ ನಡುವಿನ ಗೆರೆ ತುಂಬಾ ತೆಳು.

ನಮ್ಮ ಪುಡಿ ಬಿದ್ದದ್ದೂ ಆ ಗೆರೆಯ ಮೇಲೆಯೇ. ಇಲಿಗಳಿಗೆ 28 ದಿನ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಎಳೆಯ ಕೆಂಪು ರಕ್ತಕಣಗಳು ಕಡಿಮೆಯಾದವು. ಜ್ಯಾಕ್-2ರ ಗುರುತು. ನಾವು ಗೆದ್ದೆವು ಅಂದುಕೊಂಡಿದ್ದ ಅಂತರ ರಕ್ತದ ಟ್ಯೂಬಿನಲ್ಲಿ ಸಾಕಾಗಿತ್ತು, ಮೈಯಲ್ಲಿ ಸಾಕಾಗಲಿಲ್ಲ. ಕೀಲಿನ ಊತ ಇಳಿಸಲು ಬೇಕಾದ ಪ್ರಮಾಣಕ್ಕೂ ರಕ್ತ ಕೆಡಿಸುವ ಪ್ರಮಾಣಕ್ಕೂ ನಡುವೆ ಧೈರ್ಯವಾಗಿ ಮನುಷ್ಯರಿಗೆ ಕೊಡುವಷ್ಟು ಜಾಗ ಇರಲಿಲ್ಲ.

ಅದೇ ಹೊತ್ತಿಗೆ ಹೊರಗಿನ ಸುದ್ದಿಯೂ ಬಂತು. ಟೋಫಾಸಿಟಿನಿಬ್ ಮೇಲೆ 4,362 ರೋಗಿಗಳನ್ನು ವರ್ಷಗಟ್ಟಲೆ ನೋಡಿದ ದೊಡ್ಡ ಅಧ್ಯಯನ ಅದು. ಎಲ್ಲರೂ 50 ದಾಟಿದವರು, ಹೃದ್ರೋಗಕ್ಕೆ ಕನಿಷ್ಠ ಒಂದು ಕಾರಣ ಇದ್ದವರು. ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಜ್ಯಾಕ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 3.4, ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಶೇ. 2.5. ಕ್ಯಾನ್ಸರ್ ಶೇ. 4.2 ಮತ್ತು ಶೇ. 2.9. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಂಧಿವಾತಕ್ಕೆ ಕೊಡುವ ಜ್ಯಾಕ್ ಮಾತ್ರೆಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಇನ್ನು ಹೊಸ ಜ್ಯಾಕ್-1 ಔಷಧ ಬೇಕಾದರೆ ಇದಕ್ಕಿಂತ ತುಂಬಾ ಸುರಕ್ಷಿತವಾಗಿರಬೇಕು. ನಮ್ಮದು ಹಾಗಿರಲಿಲ್ಲ. ಡಿಸೆಂಬರಿನಲ್ಲಿ ಪ್ರಾಜೆಕ್ಟ್ ಮುಚ್ಚಿದರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಅವತ್ತು ರಾತ್ರಿ ಮಾತ್ರ ಊಟ ಸೇರಲಿಲ್ಲ.

ಶೀಶೆಗಳನ್ನೆಲ್ಲ ಲೇಬಲ್ ನೋಡಿ, ಪಟ್ಟಿ ಮಾಡಿ, ಮೈನಸ್ 20 ಡಿಗ್ರಿಯ ಕಪಾಟಿಗೆ ಸೇರಿಸುವ ಕೆಲಸ ನನಗೇ ಬಂತು. ಆಗ ಸುರೇಂದ್ರನಾಥ್ ಸೆಹಗಲ್ ನೆನಪಾದರು. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ರಾಪಮೈಸಿನ್ ಹೊರತೆಗೆದವರು. ಮಾಂಟ್ರಿಯಲ್‌ನ ಅವರ ಲ್ಯಾಬ್ ಮುಚ್ಚಿದಾಗ ಆ ಸೂಕ್ಷ್ಮಜೀವಿಯನ್ನು ಮನೆಯ ಫ್ರೀಜರಿನಲ್ಲಿ ಇಟ್ಟು ಕಾಪಾಡಿದರು. ಮುಂದೆ ಕೆಲಸ ಮತ್ತೆ ಶುರುವಾಗಿ, 1999ರಲ್ಲಿ ಅದು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಔಷಧವಾಯಿತು. ಅದೂ ರೋಗನಿರೋಧಕ ಕೋಶಗಳ ಒಳಗಿನ ಒಂದು ಸಂದೇಶವನ್ನು ತಡೆಯುವ ಮಾಲಿಕ್ಯೂಲೇ. ಅವರ ಮನೆಯ ಫ್ರೀಜರ್ ನೆನೆದರೆ ಈಗಲೂ ನನ್ನ ಎದೆ ತುಂಬುತ್ತದೆ.

ಕಾಕು ಕೈಯ ವಿಷಯ. 2022ರ ಬೇಸಿಗೆಯಲ್ಲಿ ನೋವು ಮತ್ತೆ ಜಾಸ್ತಿಯಾಯಿತು. ಆಗ ಟೋಫಾಸಿಟಿನಿಬ್ ನಮ್ಮ ದೇಶದ ಕಂಪನಿಗಳೂ ಮಾಡುತ್ತಿದ್ದವು, ಮೊದಲಿನ ಬೆಲೆ ಇರಲಿಲ್ಲ. ನಾನೇ ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ಹಳೆಯ ಫೈಲ್ ತಿರುವಿದರು. ಕಾಕುಗೆ ಮದುವೆಯಾದ ಹೊಸದರಲ್ಲಿ ಟಿಬಿ ಆಗಿ ವಾಸಿಯಾಗಿತ್ತು. ಜ್ಯಾಕ್ ತಡೆದರೆ ಮಲಗಿದ ಟಿಬಿ ಮತ್ತೆ ಏಳಬಹುದು. ಜೊತೆಗೆ ವಯಸ್ಸು, ಬಿಪಿ. "ಇವರಿಗೆ ಬೇಡ" ಅಂದರು. ಮೆಥೊಟ್ರೆಕ್ಸೇಟ್ ಪ್ರಮಾಣ ಸ್ವಲ್ಪ ಏರಿಸಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸಿದರು.

ಬರುವಾಗ ರಿಕ್ಷಾದಲ್ಲಿ ಕಾಕು ಕೇಳಿದರು. "ನೀ ಮಾಡಾಕತ್ತಿದ್ದಿ ಅಲಾ, ಅದೂ ಇಂಥಾದ್ದೇನ?"

"ಹೌದು ಕಾಕು. ಅದೂ ನಿಮಗ ಬರತಿರಲಿಲ್ಲ."

"ಹಂಗಾದ್ರ ನನ್ನಂಥವರಿಗೆ ಬರೂದು ಒಂದು ಮಾಡು."

ಈಗ ನಮ್ಮ ಗುಂಪು ಟಿಕ್-2 ಮೇಲೆ ಕೆಲಸ ಮಾಡುತ್ತಿದೆ. ಎಟಿಪಿ ಗೂಡಿಗೆ ಹೋಗದೆ, ಆ ಎರಡನೆಯ ಮುಖಕ್ಕೆ, ಹಿಡಿತದಲ್ಲಿಡುವ ಮುಖಕ್ಕೆ ಅಂಟುವ ಮಾಲಿಕ್ಯೂಲ್‌ಗಳು. ಆ ಮುಖ ನಾಲ್ಕು ಜ್ಯಾಕ್‌ಗಳಲ್ಲೂ ಸಾಕಷ್ಟು ಬೇರೆ ಬೇರೆ ಇರುವುದರಿಂದ ಒಂದನ್ನೇ ಆರಿಸಿ ಹಿಡಿಯಬಹುದು. ಈ ದಾರಿಯಲ್ಲಿ ಬಂದ ಡ್ಯೂಕ್ರವಾಸಿಟಿನಿಬ್‌ಗೆ 2022ರ ಸೆಪ್ಟೆಂಬರಿನಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಒಂದು ಮಿಥೈಲಿನ ಮೂರು ಹೈಡ್ರೋಜನ್ ತೆಗೆದು ಮೂರು ಡ್ಯೂಟೀರಿಯಂ (ಒಂದು ನ್ಯೂಟ್ರಾನ್ ಹೆಚ್ಚಿರುವ ಹೈಡ್ರೋಜನ್) ಕೂರಿಸಿದ್ದಾರೆ. ಯಕೃತ್ತು ಆ ಮಿಥೈಲನ್ನು ಕಿತ್ತರೆ ಉಳಿದ ತುಂಡು ಆಯ್ಕೆ ಮರೆತು ಬೇರೆ ಕಡೆಯೂ ಅಂಟುತ್ತದೆ. ಡ್ಯೂಟೀರಿಯಂ ಭಾರ, ಕೀಳುವುದು ಕಷ್ಟ. ಮೂರು ನ್ಯೂಟ್ರಾನ್‌ಗಳಿಂದ ಒಂದು ಔಷಧದ ಶಿಸ್ತು ಉಳಿಯಿತು. ಇದನ್ನು ಓದಿದ ದಿನ ನಾನು ಲ್ಯಾಬಿನ ಹೊಸ ಹುಡುಗರನ್ನೆಲ್ಲ ಕರೆದು ಬೋರ್ಡಿನ ಮೇಲೆ ಬರೆದು ತೋರಿಸಿದೆ.

ನಮ್ಮ ಹೊಸ ಸಾಲಿನ ಮೊದಲ ಮಾಲಿಕ್ಯೂಲ್ ನಿನ್ನೆ ಸಂಜೆ ಕಾಲಮ್‌ನಿಂದ ಇಳಿಯಿತು. 18 ಮಿಲಿಗ್ರಾಂ, ಸ್ವಲ್ಪ ಹಳದಿ ಬಣ್ಣ. ಶೀಶೆಯ ಮೇಲೆ ನಂಬರ್ 1 ಅಂತ ಬರೆದಿದ್ದೇನೆ. ಎನ್‌ಎಂಆರ್ ಸೋಮವಾರ ಬರಬೇಕು.